ಮೆಟ್ಟುಗತ್ತಿ ಮೆಂಬರು

ಶಿರಸಿಯ ಬನವಾಸಿ ರಸ್ತೆಯಲ್ಲಿ ಮೆಟ್ಟುಗತ್ತಿ ಮಾಡಿ ಮಾರುವ ಪರಮೇಶ್ವರಪ್ಪನ ಹೆಸರಿಗೆ ಒಂದು ರಿಜಿಸ್ಟರ್ಡ್ ಕಾಗದ ಬಂದಾಗ ಅವನು ಮೊದಲು ನೋಡಿದ್ದು ಕಾಗದವನ್ನಲ್ಲ, ಹಿಂಬಾಗಿಲನ್ನು. ಐವತ್ನಾಲ್ಕು ವರ್ಷದ ಬದುಕಿನಲ್ಲಿ ಅವನಿಗೆ ಬಂದಿದ್ದ ರಿಜಿಸ್ಟರ್ಡ್ ಕಾಗದಗಳು ಎರಡೇ. ಒಂದು, ಅಣ್ಣ ಪಾಲಿಗಾಗಿ ದಾವೆ ಹಾಕಿದ್ದು. ಇನ್ನೊಂದು, ಆ ದಾವೆಯಲ್ಲಿ ಅಣ್ಣ ಗೆದ್ದದ್ದು.

"ಸಹಿ ಮಾಡ್ರಿ," ಎಂದ ಅಂಚೆಯವನು.

"ಮನ್ಯಾಗ ಇಲ್ಲ ಅಂತ ಬರಕೋ."

"ಯಾರು ಇಲ್ಲ?"

"ನಾನು."

ಒಳಗಿನಿಂದ ಬಂದ ಹೆಂಡತಿ ದಾಕ್ಷಾಯಿಣಿ ಸಹಿ ಮಾಡಿ, ಲಕೋಟೆ ಹರಿದು, ಗಂಡನಿಗೆ ಕೇಳುವಷ್ಟು ಗಟ್ಟಿಯಾಗಿ ಓದಿದಳು. ಮನೆಬಳಕೆಯ ಕತ್ತರಿಸುವ ಸಾಧನಗಳಿಗೆ ಸುರಕ್ಷತಾ ಮಾನಕ ರೂಪಿಸಲು ಒಂದು ಸಮಿತಿ ಆಗಿದೆ. ಆ ಸಮಿತಿ ಮೊದಲು ಕೈ ಹಾಕುವುದು ಮೆಟ್ಟುಗತ್ತಿಗೆ. ಸ್ಥಳೀಯ ತಯಾರಕರ ಪರವಾಗಿ ಶ್ರೀ ಪರಮೇಶ್ವರಪ್ಪ ಅವರನ್ನು ಸದಸ್ಯರನ್ನಾಗಿ ತೆಗೆದುಕೊಳ್ಳಲಾಗಿದೆ. ಗುರುವಾರ ಹನ್ನೊಂದಕ್ಕೆ ಯಲ್ಲಾಪುರದಲ್ಲಿ ಮೊದಲ ಸಭೆ.

ಮೆಟ್ಟುಗತ್ತಿ ಎಂದರೆ ಬಯಲುಸೀಮೆಯವರು ಈಳಿಗೆ ಎನ್ನುವುದೇ. ಒಂದು ಮಣೆ, ಅದರ ಮೇಲೆ ಎದ್ದು ನಿಂತ ಬಾಗಿದ ಅಲಗು, ತುದಿಯಲ್ಲಿ ಕಾಯಿ ತುರಿಯುವ ಹಲ್ಲು. ಮಣೆಯನ್ನು ಕಾಲಲ್ಲಿ ಮೆಟ್ಟಿ ಕೂತು ಕೊಯ್ಯಬೇಕು. ಪರಮೇಶ್ವರಪ್ಪ ಯಲ್ಲಾಪುರದ ಗ್ಯಾರೇಜುಗಳಿಂದ ಹಳೇ ಲಾರಿಗಳ ಸ್ಪ್ರಿಂಗ್ ಪಟ್ಟಿ ತಂದು ಅಲಗು ಬಡಿಸುತ್ತಿದ್ದ. ಮಣೆ ಕೆತ್ತಿ, ಅಲಗು ಕೂಡಿಸುವವನು ಚೌಡ, ಕಾನಸೂರಿನವನು, ಇಪ್ಪತ್ತೆರಡು ವರ್ಷದಿಂದ ಅಂಗಡಿಯ ಹಿಂದಿನ ಚಪ್ಪರದಲ್ಲಿ ಹಲಸಿನ ಹಲಗೆಗಳ ನಡುವೆ ಕೂತವನು. ಕಾರ್ಖಾನೆಯೆಂದರೆ ಇಷ್ಟೇ.

ಆದರೆ ಅಂದು ಸಂಜೆಯ ಹೊತ್ತಿಗೆ, ಮನೆಗೆ ಅಂಟಿಕೊಂಡೇ ಇದ್ದ ಅಂಗಡಿಯ ಮೇಲೆ ಹೊಸ ಬೋರ್ಡು ಏರಿತ್ತು. ಅಂಗಡಿಯ ಹೆಸರು ಗೇಣುದ್ದ. ಅದರ ಕೆಳಗೆ "ಸದಸ್ಯರು, ಸುರಕ್ಷತಾ ಮಾನಕ ಸಮಿತಿ" ಮೊಳದುದ್ದ. ಸಭೆ ಇನ್ನೂ ಮೂರು ದಿನ ದೂರವಿತ್ತು. ಬೋರ್ಡು ಬರೆದವನು "ಪೇಂಟು ಒಣಗ್ಲಿಕ್ಕೆ ಮೂರು ದಿನ ಬೇಕ್ರಿ" ಎಂದು ಆ ಆತುರಕ್ಕೊಂದು ಶಾಸ್ತ್ರೀಯ ಸಮರ್ಥನೆ ಒದಗಿಸಿದ.

ಗುರುವಾರ ಪರಮೇಶ್ವರಪ್ಪ ಇಸ್ತ್ರಿ ಮುರಿಯದಂತೆ ಬಸ್ಸಿನಲ್ಲಿ ನಿಂತುಕೊಂಡೇ ಯಲ್ಲಾಪುರಕ್ಕೆ ಹೋದ.

ಸಭೆಯಲ್ಲಿ ಮೂವತ್ತೊಂದು ಕಲಂ ಇದ್ದವು. ಒಬ್ಬರು ಪ್ರತಿ ಕಲಮನ್ನೂ ಇಂಗ್ಲಿಷಿನಲ್ಲಿ ಓದುವರು. ಆಮೇಲೆ ಸಮಿತಿಯ ಸಂಚಾಲಕ ಶಶಾಂಕ, ಮೈಸೂರು ಕಡೆಯ ಎಳೆಯ ಅಧಿಕಾರಿ, ಅದನ್ನು ಕನ್ನಡದಲ್ಲಿ ಓದುವನು. ಇಂಗ್ಲಿಷು ಅರ್ಥವಾಗಲಿಲ್ಲವೆಂದು ಪರಮೇಶ್ವರಪ್ಪನಿಗೆ ಬೇಸರವಿರಲಿಲ್ಲ. ಅದು ಇಂಗ್ಲಿಷಿನ ತಪ್ಪು. ಆದರೆ "ಊರ್ಧ್ವಮುಖ ಅಲಗಿನ ಅನಪೇಕ್ಷಿತ ಸಂಸ್ಪರ್ಶದ ಸಂಭಾವ್ಯತೆಯ ನ್ಯೂನೀಕರಣ" ಎಂದಾಗ ಅದು ಕನ್ನಡವೆಂದೇ ತಿಳಿಯದೆ ಕಾಯುತ್ತ ಕೂತ. ಅದನ್ನೇ ಯಾರೋ ಕನ್ನಡದಲ್ಲಿ ಹೇಳುತ್ತಾರೆ ಎಂದುಕೊಂಡ. ಯಾರೂ ಹೇಳಲಿಲ್ಲ.

ಊಟಕ್ಕೆ ಹೋಳಿಗೆ ಇತ್ತು. ಹೋಳಿಗೆಯ ಮೇಲೆ ತುಪ್ಪ, ತುಪ್ಪದ ಮೇಲೆ ಫ್ಯಾನು, ಫ್ಯಾನಿನ ಕೆಳಗೆ ಪರಮೇಶ್ವರಪ್ಪ. ಏಳನೇ ಕಲಮಿನ ಹೊತ್ತಿಗೆ ಅವನ ತಲೆ ಎದೆಗೆ ಬಂತು, ಎದ್ದಿತು, ಮತ್ತೆ ಬಂತು. ನಿದ್ದೆಗೆಟ್ಟವರನ್ನು ಕಂಡ ವೈದ್ಯನಿಗೆ ಅದು ತೂಕಡಿಕೆ. ನಡಾವಳಿ ಬರೆಯುವ ಗುಮಾಸ್ತನಿಗೆ ಅದು ಅನುಮೋದನೆ. ಯಾರೋ ತೆಗೆದ ಫೋಟೋ ವಾಟ್ಸಾಪಿನಲ್ಲಿ ಹರಿದಾಡಿತು. ಕೆಳಗೆ ಬರೆದಿತ್ತು: "ನಮ್ಮ ಶಿರಸಿಯ ಪರಮೇಶ್ವರಪ್ಪನವರು ಗಹನ ಚಿಂತನೆಯಲ್ಲಿ."

ಸಭೆ ಮುಗಿದ ಮೇಲೆ ಶಶಾಂಕ, ಊರ ಕಡೆಯ ಪದ್ಧತಿ ಪಾಲಿಸಿದರೆ ಜನಕ್ಕೆ ಹಿತವಾಗುತ್ತದೆಂದು, ಎಲ್ಲ ಸದಸ್ಯರಿಗೂ ಎಲೆಯಡಿಕೆ, ತೆಂಗಿನಕಾಯಿ ಕೊಟ್ಟ. ಆ ಒಳ್ಳೆಯ ಹುಡುಗನಿಗೆ ತಾನು ಏನು ಕೊಡುತ್ತಿದ್ದೇನೆ ಎಂಬುದು ಗೊತ್ತಿರಲಿಲ್ಲ.

ಶಿರಸಿಯಲ್ಲಿ ಬಸ್ಸಿಳಿದು ಮನೆಯತ್ತ ನಡೆದ ಪರಮೇಶ್ವರಪ್ಪನ ಕೈಯಲ್ಲಿ ಕಾಯಿ, ಕಾಯಿಯ ಮೇಲೆ ಎಲೆಯಡಿಕೆ. ಪಕ್ಕದ ಮನೆಯ ವೆಂಕಟ್ರಮಣ ಹೆಗಡೆ ಕಟ್ಟೆಯ ಮೇಲೆ ಕೂತಿದ್ದ. ಎದುರಿಗಿದ್ದವರು ಯಾರೇ ಆಗಲಿ, ಕಲೆಕ್ಟರೇ ಆಗಲಿ, ತನ್ನ ಮನೆಮಾತನ್ನೇ ಆಡುವ ಆಸಾಮಿ.

"ಎಂತದೋ ಪರಮೇಶ್ವರಪ್ಪಾ, ಯಾರ ಮನೆ ಸಂಬಂಧ ಕುದುರ್ಸಿಕ್ಕೆ ಬಂದೆ?"

"ಸಂಬಂಧ ಅಲ್ರಿ ಹೆಗಡೇರ, ಸಮಿತಿ."

"ಎಲೆಯಡಿಕೆ ಎಂತಕ್ಕೆ?"

"ಮಾತುಕತಿ ಮುಗಿದ ಮ್ಯಾಲ ಕೊಟ್ರು. ಹಿಡದೆ."

"ಎರಡೂ ಕೈಯಲ್ಲಿ ಹಿಡದ್ಯ?"

"ಕೊಟ್ಟಾಗ ಒಂದ ಕೈಯಾಗ ಹಿಡೀತಾರೇನ್ರಿ?"

ವೆಂಕಟ್ರಮಣ ಕಟ್ಟೆಯಿಂದ ಇಳಿದ. ಅವನು ಕಟ್ಟೆಯಿಂದ ಇಳಿಯುವುದು ಸಾವಿನ ಸುದ್ದಿಗೆ ಮತ್ತು ಕಾಫಿಗೆ ಮಾತ್ರ.

"ಹಂಗಾರೆ ಮುಗತ್ತು. ಮೆಟ್ಟುಗತ್ತಿ ಸುರಕ್ಷಿತ ಹೇಳಿ ಎಲೆಯಡಿಕೆ ಹಿಡದು ಬಂದೆ. ಇನ್ನು ಯಾರ ಬೆರಳು ಕೊಯ್ದ್ರೂ ಸೀದಾ ನಿನ್ನ ಮನೆಗೇ ಬತ್ತ."

ಇದು ಹೆದರಿಸುವ ಮಾತಲ್ಲ, ಶಿರಸಿ-ಸಿದ್ದಾಪುರ-ಯಲ್ಲಾಪುರದ ಅಲಿಖಿತ ಕಾಯಿದೆ. ಮದುವೆ ಮಾತಾಗಲಿ, ಪಾಲಿನ ಪಂಚಾಯಿತಿಯಾಗಲಿ, ಕೊನೆಗೆ ಎಲೆಯಡಿಕೆ ಹಿಡಿದವರು ಆ ಮಾತಿಗೆ ಹೊಣೆ. ಮುಂದೆ ಹುಡುಗಿ ಮುನಿಸಿಕೊಂಡು ತವರಿಗೆ ಬಂದರೆ ಮೊದಲು ಕರೆ ಹೋಗುವುದು ಗಂಡನಿಗಲ್ಲ, ಅಂದು ಎಲೆಯಡಿಕೆ ಹಿಡಿದವನಿಗೆ. ವೆಂಕಟ್ರಮಣನ ಸೋದರಮಾವ ಸಿದ್ದಾಪುರದ ಒಂದು ಮದುವೆ ಮಾತಿನಲ್ಲಿ ಎಲೆಯಡಿಕೆ ಹಿಡಿದು ಹನ್ನೊಂದು ವರ್ಷ ಆ ದಂಪತಿಯ ಜಗಳಕ್ಕೆ ಓಡಾಡಿದ್ದ. ಕೊನೆಗೆ ಅವರಿಬ್ಬರೂ ರಾಜಿಯಾಗಿ ಜೊತೆಯಾಗಿ ಇವನನ್ನು ಬೈಯತೊಡಗಿದ ಮೇಲೆಯೇ ಬಿಡುಗಡೆ.

"ಅದು ಮದುವಿ ಮಾತ್ರಿ. ಇದು ಕತ್ತಿ," ಎಂದ ಪರಮೇಶ್ವರಪ್ಪ.

"ವ್ಯತ್ಯಾಸ ಎಂತ ಇದ್ದು?" ಎಂದ ವೆಂಕಟ್ರಮಣ. ಮೂವತ್ತು ವರ್ಷದ ಗೃಹಸ್ಥನಾದ ಪರಮೇಶ್ವರಪ್ಪ ಒಮ್ಮೆ ತನ್ನ ಮನೆಯ ಬಾಗಿಲು ನೋಡಿ, ಕಾಯಿ ಹಿಡಿದು ಮೆಲ್ಲಗೆ ಒಳಗೆ ನಡೆದ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕಾನಸೂರಿನಿಂದ ತಿಮ್ಮಿ ಬಂದಳು. ಹೆಬ್ಬೆರಳಿಗೆ ಬಟ್ಟೆ ಸುತ್ತಿ, ಅದನ್ನು ದೀಪದಂತೆ ಮುಂದೆ ಹಿಡಿದುಕೊಂಡೇ ಬಂದಳು.

"ಸಾವ್ಕಾರ್ರೆ, ನೋಡ್ರಾ ಇದು."

"ಅಯ್ಯ! ನಮ್ಮ ಕತ್ತಿಯೇನು?"

"ಅಲ್ರಾ. ಸಿದ್ದಾಪುರ ಸಂತೆಲಿ ತಗಂಡಿದ್ದು."

"ಹಂಗಾರ ಅಲ್ಲಿಗೇ ಹೋಗಬೇಕಲ್ಲವಾ, ತಂಗಿ?"

"ಸಂತೆಯವ ಎಲ್ಲಿದ್ದನೋ ಯಾರು ಕಂಡಾರೆ? ನಿಮ್ಮ ಮನೆ ಗೊತ್ತಿತ್ತು. ಬೋರ್ಡೂ ಇತ್ತು," ಎಂದು ತಿಮ್ಮಿ ಮೇಲೆ ನೋಡಿದಳು. ಪರಮೇಶ್ವರಪ್ಪನೂ ಮೇಲೆ ನೋಡಿದ. ಪೇಂಟು ಚೆನ್ನಾಗಿ ಒಣಗಿತ್ತು.

ದಾಕ್ಷಾಯಿಣಿ ಅರಿಸಿನ ಹಚ್ಚಿ, ಹೊಸ ಬಟ್ಟೆ ಕಟ್ಟಿ, ಉಪ್ಪಿಟ್ಟು ಕೊಟ್ಟು ಕಳಿಸಿದಳು. ಅದೇ ತಪ್ಪಾಯಿತು. ಪರಿಹಾರಕ್ಕೆ ಉಪ್ಪಿಟ್ಟು ಕೊಡುತ್ತಾರೆ ಎಂಬ ಸುದ್ದಿ ಮೂರು ತಾಲೂಕಿಗೆ ಹಬ್ಬಿತು. ಸೋಮವಾರ ನಾಲ್ಕು ಬೆರಳು ಬಂದವು. ಮಂಗಳವಾರ ಆರು. ಬುಧವಾರ ಒಬ್ಬ ಗೃಹಸ್ಥ ನೇಲ್‌ಕಟರಿನಿಂದ ಕಾಲಿನ ಬೆರಳಿಗೆ ಮಾಡಿಕೊಂಡ ಗಾಯ ತಂದು, "ಮನೆಬಳಕೆಯ ಕತ್ತರಿಸುವ ಸಾಧನದಲ್ಲಿ ಇದೂ ಬತ್ತಲ?" ಎಂದು ವಿಚಾರಿಸಿದ. ಉಮ್ಮಚಗಿಯಿಂದ ಗೀತಾ ಎಂಬವಳು ಫೋನು ಮಾಡಿದಳು.

"ನಂಗಿನ್ನೂ ಕೊಯ್ದಿದ್ದಿಲ್ಲೆ. ನಾಳೆ ಹನ್ನೊಂದು ಗಂಟೆಗೆ ಸುವರ್ಣಗಡ್ಡೆ ಹೆಚ್ಚದು ಇದ್ದು. ಅದು ಭಾರೀ ಜಾರ್ತು. ಹತ್ತೂವರೆಗೇ ಬಂದು ಎದುರಿಗೆ ಕೂತ್ಕಳಿ."

"ನಾ ಬಂದು ಏನ್ ಮಾಡ್ಲವಾ?"

"ಎಂತೂ ಮಾಡದು ಬ್ಯಾಡ. ಕೊಯ್ದ್ರೆ ಸಾಕ್ಷಿ ಬೇಕಲೀ."

ಇಷ್ಟಾದ ಮೇಲೆ ಪರಮೇಶ್ವರಪ್ಪ ಹೆಂಡತಿಯ ತಮ್ಮ ಸುಭಾಷನನ್ನು ಕರೆಸಿದ. ಸುಭಾಷ ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತ. ಹದಿನಾಲ್ಕು ವರ್ಷ ವಕೀಲರ ಕಪ್ಪು ಕೋಟು ಹೊತ್ತು, ಕೋಟು ಮೈಗೆ ಬಾರದಿದ್ದರೂ ಕಾನೂನು ಅವನ ಗಂಟಲಿಗೆ ಬಂದಿತ್ತು. ಕಾನೂನಿನ ಮಾತಾಡುವಾಗ ವಕೀಲರಂತೆಯೇ ಎರಡು ಸಲ ಕೆಮ್ಮುತ್ತಿದ್ದ.

"ಹ್ಮ್, ಹ್ಮ್. ಮಾಮಾ, ನೀವು ಸಮಿತಿಯಾಗ ಕುಂತೀರಿ. ಅಂದ್ರ ತಿಳದವರು ಅಂತ ಒಪ್ಪಿಕೊಂಡಂಗಾತು. ತಿಳದವರು ಹೇಳಿದ ಮಾತು ನಂಬಿ ಯಾರಿಗರ ಪೆಟ್ಟಾದ್ರ, ಹ್ಮ್, ಎಚ್ಚರಿಕೆಯ ಕರ್ತವ್ಯ ಅಂತ ಒಂದೈತಿ. ಡ್ಯೂಟಿ ಆಫ್ ಕೇರ್."

"ನಾ ಏನೂ ಹೇಳಿಲ್ಲಲೋ! ನಿದ್ದಿ ಮಾಡೀನಿ."

"ಎಚ್ಚರಿಕೆಯ ಕರ್ತವ್ಯದಾಗ ನಿದ್ದಿ! ಹೊರಗ ಯಾರ ಮುಂದೂ ಅನಬ್ಯಾಡ್ರಿ ಇದನ್ನ." ಸುಭಾಷ ಬಾಗಿಲು ಎಳೆದು ಮುಚ್ಚಿದ. "ಇವತ್ತಿನಿಂದ ಏನ್ ಮಾತಾಡಿದ್ರೂ ಹಿಂದಿಂದ ಒಂದು ಸೂಚನೆ ಹಾಕ್ರಿ. ಹೊಣೆಗಾರಿಕೆ ಇಲ್ಲ ಅಂತ."

ಪರಮೇಶ್ವರಪ್ಪ ಒಮ್ಮೆ ಕಲಿತದ್ದನ್ನು ಅರೆಬರೆ ಬಿಡುವವನಲ್ಲ. ಹುಬ್ಬಳ್ಳಿ ಬಸ್ಸು ಹೋಯಿತೇ ಎಂದು ದಾರಿಹೋಕರು ಕೇಳಿದರೆ "ಹೋಗೈತ್ರಿ. ಇದು ಮಾಹಿತಿಗಾಗಿ ಮಾತ್ರ" ಎನ್ನತೊಡಗಿದ. ಆರಾಮವೇ ಎಂದವರಿಗೆ "ಸದ್ಯಕ್ಕ ಆರಾಮ. ಮುಂದಿಂದಕ್ಕ ಜವಾಬ್ದಾರ ಅಲ್ಲ" ಎಂದ. ಊಟಕ್ಕೆ ಕೂತಾಗ ದಾಕ್ಷಾಯಿಣಿ ಸಾರು ಹೇಗಿದೆ ಎಂದು ಕೇಳಿದಳು.

"ನನ್ನ ತಿಳುವಳಿಕೆಯ ಮಟ್ಟಿಗೆ ಉಪ್ಪು ಸರಿ ಐತಿ. ಇದನ್ನ ನಂಬಿ ನೀ ಉಂಡು, ನಿನಗ ಉಪ್ಪು ಹೆಚ್ಚಾತು ಅಂದ್ರ ನಾ ಹೊಣಿ ಅಲ್ಲ."

"ಈಗ ನಿಮ್ಮ ತಾಟು ಎತ್ತಿದ್ರ ನಾನೂ ಹೊಣಿ ಅಲ್ಲ," ಎಂದು ದಾಕ್ಷಾಯಿಣಿ ತಾಟು ಎತ್ತಿದಳು.

ಹಸಿದ ಹೊಟ್ಟೆಯಲ್ಲಿ ಅವನಿಗೆ ಉಪಾಯ ಹೊಳೆಯಿತು. ಎಲೆಯಡಿಕೆ ಹಿಡಿದದ್ದರಿಂದ ತಾನೇ ಈ ಹೊಣೆ? ಅದನ್ನೇ ಹಿಂದಿರುಗಿಸಿದರೆ? ಹುಡುಗಿಯ ಮನೆಯವರು ಹಾಗೆ ಮಾಡಿ ಸಂಬಂಧ ಮುರಿದದ್ದನ್ನು ಕಂಡಿದ್ದ. ಒಂದೇ ತೊಡಕು: ಅಂದು ಕೊಟ್ಟ ಎಲೆಯಡಿಕೆಯನ್ನು ಅವನೇ ಬಸ್ಸಿನಲ್ಲಿ ಅರ್ಧ ತಿಂದಿದ್ದ. ಕಾಯಿಯನ್ನು ದಾಕ್ಷಾಯಿಣಿ ಮನೆಯ ಮೆಟ್ಟುಗತ್ತಿಯಲ್ಲೇ ತುರಿದು ಚಟ್ನಿ ಮಾಡಿದ್ದಳು. ಆದ್ದರಿಂದ ಹೊಸ ಕಾಯಿ, ಹೊಸ ಎಲೆ, ಅದಕ್ಕಿಂತ ದೊಡ್ಡ ಅಡಿಕೆ ಕೊಂಡು, ನ್ಯಾಯಕ್ಕೆ ಕೊರತೆಯಾಗದಿರಲೆಂದು ಒಂದು ಡಜನ್ ಬಾಳೆಹಣ್ಣನ್ನೂ ಸೇರಿಸಿ, ಯಲ್ಲಾಪುರದ ಕಚೇರಿಗೆ ಹೋಗಿ ಶಶಾಂಕನ ಮೇಜಿನ ಮೇಲಿಟ್ಟ.

ಶಶಾಂಕ ಕುರ್ಚಿಯನ್ನು ಗೋಡೆಯವರೆಗೆ ಹಿಂದೆ ಸರಿಸಿದ.

"ಏನ್ ಸಾರ್ ಇದು? ತೆಗೀರಿ ಮೊದಲು! ನಾನು ಇಂಥದ್ದೆಲ್ಲ ತಗೊಳೋನಲ್ಲ."

"ತಗೊಳ್ಳಾಕಲ್ರಿ ಸಾಹೇಬ್ರ, ವಾಪಸ್. ಅವತ್ತು ನೀವು ಕೊಟ್ಟಿದ್ರಲ್ಲ."

"ನಾನು ನಿಮಗೆ ಲಂಚ ಕೊಟ್ಟಿದ್ನಾ?!" ಶಶಾಂಕನ ದನಿ ಎರಡು ಅಂತಸ್ತು ಏರಿತು. ಹೊರಗಿದ್ದ ಪ್ಯೂನು ಒಳಗೆ ಇಣುಕಿ, ಬಾಳೆಹಣ್ಣು ನೋಡಿ, ಗೌರವದಿಂದ ಬಾಗಿಲು ಹಾಕಿದ.

"ಸಾರ್, ಮೆತ್ತಗೆ ಹೇಳಿ. ಏನು ಬೇಕು ನಿಮಗೆ?"

"ನನ್ನ ಸಮಿತಿಯಿಂದ ಬಿಡಿಸ್ರಿ. ನನ್ನ ಮನಿ ಮುಂದ ಹದಿಮೂರು ಬೆರಳು ಕುಂತಾವ."

ಶಶಾಂಕನಿಗೆ ಅದು ಅರ್ಥವಾಗಲಿಲ್ಲ. ಆದರೆ ಅರ್ಥವಾಗದ್ದಕ್ಕೆ ಕಾಗದ ಕೊಡುವುದು ಅಧಿಕಾರಿಯ ಧರ್ಮ. ಡ್ರಾಯರು ತೆಗೆದು ಒಂದು ಕಟ್ಟು ಕೊಟ್ಟ. "ಮೊದಲ ಸಭೆಯ ನಡಾವಳಿ. ರಾಜೀನಾಮೆ ಕೊಡೋದಾದ್ರೆ ಕೊಡಿ, ಆದ್ರೆ ಇದನ್ನ ಓದ್ಕೊಂಡು ಕೊಡಿ. ಸೋಮವಾರ ಶಿರಸಿಯಲ್ಲೇ ಎರಡನೇ ಸಭೆ. ಅಲ್ಲಿ ಒಪ್ಪಿದ್ದು ಒಪ್ಪಿದ ಹಾಗೇನೇ."

ಅಂಗಡಿಗೆ ಮರಳಿ ಪರಮೇಶ್ವರಪ್ಪ ಕಟ್ಟು ಬಿಚ್ಚಿದ. ಏಳನೇ ಕಲಂ ಹೀಗಿತ್ತು: "ಸಾಧನದ ಪೀಠವು ಮರದ್ದಾಗಿರತಕ್ಕದ್ದಲ್ಲ. ಉಕ್ಕಿನ ಪೀಠವಿದ್ದು, ನೆಲವನ್ನು ಹೀರಿ ಹಿಡಿಯುವ ನಾಲ್ಕು ರಬ್ಬರ್ ಪಾದಗಳಿರತಕ್ಕದ್ದು. ಸೂಚಿಸಿದವರು: ಉಕ್ಕು ಪಾತ್ರೆ ಕಂಪನಿಯ ಪ್ರತಿನಿಧಿ. ಅನುಮೋದಿಸಿದವರು: ಶ್ರೀ ಪರಮೇಶ್ವರಪ್ಪ, ಮೂರು ಬಾರಿ ತಲೆಯಾಡಿಸಿ."

ಹಿಂದೆ ನಿಂತು ಚೌಡನೂ ಓದಿದ.

"ಸಾವ್ಕಾರ್ರೆ, ಪೀಠ ಅಂದ್ರೆ ಎಂತದ್ರಾ?"

"ಮಣಿ."

"ಯಾರ ಮಣೆ?"

"...ನಿಂದು."

ಚೌಡ ಚಪ್ಪರಕ್ಕೆ ಹೋದ. ಉಳಿಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕತೊಡಗಿದ. ಒಟ್ಟು ಒಂಬತ್ತು ಉಳಿ. ಎಂಟನೆಯದು ಚೀಲಕ್ಕೆ ಬೀಳುವ ಹೊತ್ತಿಗೆ ಪರಮೇಶ್ವರಪ್ಪ ಒಂಬತ್ತನೆಯದರ ಮೇಲೆ ಕೈಯಿಟ್ಟು ಕೂತ.

ಈಗ ಅವನ ಸ್ಥಿತಿ ನೋಡಿ. ಸಮಿತಿಯಲ್ಲಿ ಕೂತರೆ ಮೂರು ತಾಲೂಕಿನ ಬೆರಳೆಲ್ಲ ಅವನ ಕೊರಳಿಗೆ. ಕೂರದಿದ್ದರೆ ಮಣೆ ಹೋಗುತ್ತದೆ, ಮಣೆಯ ಹಿಂದೆ ಚೌಡ, ಚೌಡನ ಹಿಂದೆ ಅಂಗಡಿ. ತನ್ನ ಅಂಗಡಿಯನ್ನು ತಾನೇ ಮೂರು ಬಾರಿ ತಲೆಯಾಡಿಸಿ ಮುಚ್ಚಿದ ವ್ಯಾಪಾರಿ ಉತ್ತರ ಕನ್ನಡದ ಇತಿಹಾಸದಲ್ಲಿ ಇವನೊಬ್ಬನೇ ಇರಬೇಕು.

"ರಾಜೀನಾಮಿ ಕೊಡ್ರಿ ಮಾಮಾ. ಜೀವ ಉಳೀತೈತಿ," ಎಂದ ಸುಭಾಷ.

"ಹೋಪದಾರೆ ಹೋಗು. ಆದ್ರೆ ಈ ಸಲ ಎಂತ ಕೊಟ್ರೂ ಕೈ ಒಡ್ಡಡ," ಎಂದ ವೆಂಕಟ್ರಮಣ.

ದಾಕ್ಷಾಯಿಣಿ ಮಾತ್ರ ಇಸ್ತ್ರಿ ಪೆಟ್ಟಿಗೆ ಕಾಯಿಸುತ್ತ ಹೇಳಿದಳು: "ಹೋಗ್ರಿ. ಎದ್ದು ನಿಂತು ನಮಗ ಮರದ ಮಣಿನ ಬೇಕು ಅನ್ರಿ. ಮತ್ತ ಊಟ ಸಭಿ ಮುಗಿದ ಮ್ಯಾಲ."

ಸೋಮವಾರ ಅಂಗಡಿಗೆ "ಸಭೆಗೆ ಹೋಗಿದ್ದೇನೆ" ಎಂದು ಚೀಟಿ ಅಂಟಿಸಿ ಪರಮೇಶ್ವರಪ್ಪ ಸಭಾಭವನಕ್ಕೆ ಹೋದ. ಹಿಂದಿನ ಕುರ್ಚಿಯಲ್ಲಿ ಚೌಡ ಕೂತ, ಸಾವುಕಾರರು ತೂಕಡಿಸಿದರೆ ಉಳಿಯ ಹಿಡಿಯಿಂದ ತಿವಿಯಬೇಕೆಂಬ ಕರಾರಿನ ಮೇಲೆ. ಪಕ್ಕದ ಅಡುಗೆಮನೆಯಲ್ಲಿ ಸಭೆಯವರ ಊಟಕ್ಕೆ ಎಳೆ ಹಲಸಿನಕಾಯಿಯ, ಅಂದರೆ ಗುಜ್ಜೆಯ, ಪಲ್ಯಕ್ಕೆ ತಯಾರಿ ನಡೆದಿತ್ತು.

ಶಶಾಂಕ ಓದಿದ: "ಕಲಂ ಏಳು. ಪೀಠವು ಮರದ್ದಾಗಿರತಕ್ಕದ್ದಲ್ಲ. ಆಕ್ಷೇಪಣೆ ಇದೆಯೇ?"

ಪರಮೇಶ್ವರಪ್ಪನಿಗೆ ನಿದ್ದೆ ಬಂದಿರಲಿಲ್ಲ. ಅವನು ಮಾತು ಜೋಡಿಸಿಕೊಳ್ಳಲು ಒಂದು ಕ್ಷಣ ಕಣ್ಣು ಮುಚ್ಚಿದ್ದ. ಆದರೆ ಚೌಡ ಇಪ್ಪತ್ತೆರಡು ವರ್ಷದ ಅನ್ನವನ್ನು ಒಂದು ಕ್ಷಣದ ಮೇಲೆ ಬಿಡುವವನಲ್ಲ. ತಿವಿದ.

"ಅಯ್ಯಯ್ಯಪ್ಪೋ!" ಎಂದು ಪರಮೇಶ್ವರಪ್ಪ ಗೇಣೆತ್ತರ ಹಾರಿ ಎದ್ದು ನಿಂತ.

"ಶ್ರೀ ಪರಮೇಶ್ವರಪ್ಪ ಅವರು ತೀವ್ರವಾಗಿ ಆಕ್ಷೇಪಿಸಿದರು," ಎಂದು ಗುಮಾಸ್ತ ಬರೆದುಕೊಂಡ.

"ಕಾರಣ ಹೇಳಿ ಸಾರ್," ಎಂದ ಶಶಾಂಕ.

ಪರಮೇಶ್ವರಪ್ಪ ಬಾಯಿ ತೆರೆಯುವಷ್ಟರಲ್ಲಿ ಸಭಾಭವನದ ಬಾಗಿಲೇ ತೆರೆಯಿತು. ತಿಮ್ಮಿ ಮುಂದೆ, ಹಿಂದೆ ಹನ್ನೊಂದು ಜನ. ಎಲ್ಲರ ಬೆರಳಿಗೂ ಬಟ್ಟೆ. ಅಂಗಡಿಯ ಚೀಟಿ ಓದಿಕೊಂಡು ನೇರ ಇಲ್ಲಿಗೇ ಬಂದಿದ್ದರು.

"ಯಾರು ಸಾರ್ ಇವರೆಲ್ಲ?"

"ನನ್ನ..." ಪರಮೇಶ್ವರಪ್ಪ ತಡವರಿಸಿದ. "ನನ್ನ ಗಾಯಾಳುಗಳ್ರಿ."

ಎಳೆಯನಾದರೂ ಶಶಾಂಕ ಮೂರ್ಖನಲ್ಲ. ಆರು ತಿಂಗಳಿಂದ ಕಲಂ ಬರೆಯುತ್ತಿದ್ದರೂ ಮೆಟ್ಟುಗತ್ತಿಯಿಂದ ಬೆರಳು ಕೊಯ್ದುಕೊಂಡವರನ್ನು ಒಬ್ಬರನ್ನೂ ಕಂಡಿರಲಿಲ್ಲ. ಕುರ್ಚಿ ಹಾಕಿಸಿದ. "ಅಮ್ಮಾ, ಹೇಗಾಯ್ತು ಹೇಳಿ. ಮಣೆ ಜಾರಿತಾ?"

"ಮಣೆ ಎಂತಕ್ಕೆ ಜಾರ್ತದ್ರಾ, ನನ್ನ ಕಾಲೇ ಇತ್ತಲ ಅದ್ರ ಮೇಲೆ?" ಎಂದಳು ತಿಮ್ಮಿ. "ಟೀವಿಲಿ ಆ ಅತ್ತೆ ಸೊಸೆಗೆ ವಿಷ ಹಾಕ್ತಾ ಇದ್ಲು. ಹಾಲು ಕುಡೀಬ್ಯಾಡ್ವೇ ಅಂದೆ. ಅಷ್ಟ್ರಲ್ಲಿ ಬೆರಳು ಹೋತು."

ಒಬ್ಬಳು ಕೊಯ್ಯುತ್ತಲೇ ಬಾಗಿಲಿಗೆ ಬಂದ ಮೀನಿನವನೊಂದಿಗೆ ಚೌಕಾಶಿ ಮಾಡುತ್ತಿದ್ದಳಂತೆ. ಇನ್ನೊಬ್ಬಳ ಕತ್ತಿಯ ಅಲಗೇ ಅಲ್ಲಾಡುತ್ತಿತ್ತಂತೆ. ಉಮ್ಮಚಗಿಯ ಗೀತಾಳೂ ಬಂದಿದ್ದಳು. ತೋರುಬೆರಳು.

"ನಂಗೆ ಫೋನಿಂದಾಗಿ ಕೊಯ್ತು."

"ಯಾರ ಫೋನು?"

ಗೀತಾ ಪರಮೇಶ್ವರಪ್ಪನತ್ತ ಕೈ ಮಾಡಿದಳು. "ಇವ್ರಿಗೇ ಮಾಡ್ತಾ ಇದ್ದಿದ್ದಿ. ಹನ್ನೊಂದಾದ್ರೂ ಬಂದಿದ್ವಿಲ್ಲೆ ಹೇಳಿ."

ಕಂಪನಿಯ ಪ್ರತಿನಿಧಿ ಎದ್ದು, ಪೆಟ್ಟಿಗೆಯಿಂದ ಫಳಫಳ ಹೊಳೆಯುವ ಉಕ್ಕಿನ ಮಾದರಿಯನ್ನು ತೆಗೆದು ಟೈಲ್ಸಿನ ನೆಲಕ್ಕೆ ಒತ್ತಿ ಕೂಡಿಸಿದ. ನಾಲ್ಕೂ ರಬ್ಬರ್ ಪಾದಗಳು ಚಪ್ ಎಂದು ನೆಲ ಹಿಡಿದವು. "ನೋಡಿ, ಆನೆ ಎಳೆದರೂ ಬರೋದಿಲ್ಲ. ಬನ್ನಿ ಅಕ್ಕ, ಏನಾದರೂ ಕೊಯ್ದು ನೋಡಿ."

ಅಡುಗೆಮನೆಯಿಂದ ಒಂದು ಗುಜ್ಜೆ ಬಂತು. ತಿಮ್ಮಿ ಮಾದರಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಕಾಲು ಎಲ್ಲಿ ಇಡೂದ್ರಾ?"

"ಕಾಲು ಇಡೋ ಹಾಗಿಲ್ಲ. ಅದೇ ಇದರ ವಿಶೇಷ."

"ಹಾಂಗಾರೆ ಕಾಲು ಮನೆಲಿ ಇಟ್ಟು ಬರಕಿತ್ತು," ಎಂದು ಗೊಣಗಿ ಕುಕ್ಕರಗಾಲಲ್ಲಿ ಕೂತು, ಗುಜ್ಜೆಯ ಮೇಣ ಅಂಟದಿರಲೆಂದು ರೂಢಿಯಂತೆ ಎರಡೂ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡಳು. ಗುಜ್ಜೆಯನ್ನು ಅಲಗಿಗೆ ಒತ್ತಿದಳು. ಎಣ್ಣೆ ಮೊಣಕೈಯಿಂದ ತೊಟ್ಟಿಕ್ಕಿ ರಬ್ಬರ್ ಪಾದಗಳ ಬುಡಕ್ಕೆ ಬಂತು. ಒಂದು ಪಾದ ಪುಸ್ ಎಂದಿತು, ಎರಡನೆಯದು ಪುಸ್ ಎಂದಿತು. ಮರುಕ್ಷಣ ಇಡೀ ಮಾದರಿ, ಅಲಗಿಗೆ ಕಚ್ಚಿಕೊಂಡ ಗುಜ್ಜೆಯ ಸಮೇತ, ಟೈಲ್ಸಿನ ಮೇಲೆ ಸರ್ರನೆ ಹೊರಟು ಸದಸ್ಯರ ಸಾಲಿನ ಕೆಳಗೆ ನುಗ್ಗಿತು. ಹದಿನೆಂಟು ಪಾದಗಳು ಏಕಕಾಲಕ್ಕೆ ಕುರ್ಚಿ ಏರಿದವು. ಆ ಸಮಿತಿ ಒಮ್ಮತದಿಂದ ಮಾಡಿದ ಮೊದಲ ಕೆಲಸ ಅದು. ಎಲ್ಲರಿಗಿಂತ ಎತ್ತರಕ್ಕೆ ಏರಿದ್ದು ಕಂಪನಿಯ ಪ್ರತಿನಿಧಿ.

"ಮಾದರಿಯು ಸ್ಥಳಾಂತರಗೊಂಡಿತು," ಎಂದು ಗುಮಾಸ್ತ ಕುರ್ಚಿಯ ಮೇಲೆ ನಿಂತುಕೊಂಡೇ ಬರೆದ.

ಆಮೇಲೆ ತಿಮ್ಮಿ ಅಡುಗೆಯವರ ಮರದ ಮೆಟ್ಟುಗತ್ತಿಯನ್ನೇ ತರಿಸಿ, ಮಣೆಯನ್ನು ಪಾದದಲ್ಲಿ ಮೆಟ್ಟಿ, ಸುತ್ತಲಿನವರಿಗೆ ಬೆರಳಿನ ಕಥೆಯನ್ನು ಇನ್ನೊಮ್ಮೆ ಹೇಳುತ್ತಲೇ ಆ ಗುಜ್ಜೆಯನ್ನು ಹೋಳು ಮಾಡಿ ಮುಗಿಸಿದಳು. ಶಶಾಂಕ ಮೊಣಕಾಲೂರಿ ನೋಡಿದ. ಅವಳ ಕಾಲು ಮತ್ತು ಮಣೆ ಬೇರೆ ಬೇರೆಯಾಗಿರಲಿಲ್ಲ.

"ನಿಮ್ಮ ಆಕ್ಷೇಪಣೆಗೆ ಇದೇ ಕಾರಣಾನಾ ಸಾರ್?" ಎಂದು ಕೇಳಿದ.

"ಹೌದ್ರಿ," ಎಂದ ಪರಮೇಶ್ವರಪ್ಪ. ಮತ್ತೆ ಧೈರ್ಯ ಮಾಡಿ, ಹತ್ತು ದಿನದಿಂದ ಎದೆಯಲ್ಲಿ ಕೂತಿದ್ದನ್ನು ಕೇಳಿಯೇ ಬಿಟ್ಟ. "ಸಾಹೇಬ್ರ, ಒಂದು ಖರೇ ಹೇಳ್ರಿ. ನಾ ಇಲ್ಲಿ ಕುಂತೀನಿ, ಎಲೆಯಡಿಕೆ ಹಿಡದೀನಿ. ನಾಳೆ ಯಾರದರ ಬೆರಳು ಹೋದ್ರ ನಾ ಹೊಣಿಯೇನ್ರಿ?"

ಶಶಾಂಕ ನಕ್ಕ. ಬಾಳೆಹಣ್ಣಿನ ರಹಸ್ಯ ಅವನಿಗೆ ಈಗ ಬಿಚ್ಚಿಕೊಂಡಿತು. "ಇಲ್ಲ ಸಾರ್! ಪ್ರಾಮಾಣಿಕವಾಗಿ ಬಂದು ಕೂತು ಸಲಹೆ ಕೊಟ್ಟವರನ್ನ ಪ್ರತಿ ಗಾಯಕ್ಕೂ ಹಿಡ್ಕೊಂಡ್ರೆ ಯಾವ ಸಮಿತಿಗೆ ಯಾರು ಬರ್ತಾರೆ? ನೀವು ಇಲ್ಲಿ ಕೂತಿದ್ದಕ್ಕೆ ಹೊಣೆ ಅಲ್ಲ."

ಪರಮೇಶ್ವರಪ್ಪನ ಮುಖ ಅರಳಿತು. ಕೊರಳಿನಿಂದ ಹದಿಮೂರು ಬೆರಳು ಒಟ್ಟಿಗೇ ಇಳಿದವು.

"ಹೊಣೆ ಏನಿದ್ರೂ," ಎಂದು ಶಶಾಂಕ ಮುಂದುವರಿಸಿದ, "ಅದನ್ನ ತಯಾರು ಮಾಡಿದವರದ್ದು. ಅಲಗು ಸಡಿಲ ಬಿಟ್ಟು ಮಾರಿದ್ರೆ, ಮಾರಿದ ತಯಾರಕರನ್ನ ಕೇಳಬೇಕು."

ಇಡೀ ಸಭೆಯಲ್ಲಿ ಮೆಟ್ಟುಗತ್ತಿ ತಯಾರು ಮಾಡುವವನು ಒಬ್ಬನೇ ಇದ್ದ. ಎಲ್ಲರೂ ಅವನತ್ತ ತಿರುಗಿದರು. ಅವನೂ ಹಿಂದೆ ತಿರುಗಿ ನೋಡಿದ. ಚೌಡ ಆಗಲೇ ಸೂರು ನೋಡುತ್ತಿದ್ದ.

"ನಂದು ಅಲಗು ಅಲ್ಲಾಡೂದು ಹೌದು. ಆದ್ರೆ ಯಾರು ಮಾಡಿದ್ದು ಹೇಳಿ ಹ್ಯಾಂಗೆ ಗೊತ್ತಾಗದು?" ಎಂದು ಕೇಳಿದಳು ಅಲಗು ಸಡಿಲವಾಗಿದ್ದವಳು. "ಹೆಸರೇ ಇಲ್ಲೆ ಅದ್ರ ಮೇಲೆ."

"ಅದಕ್ಕೇ ಅಲ್ದ್ರಾ ನಾವೆಲ್ಲಾ ಬೋರ್ಡ್ ಇದ್ದವ್ರ ಮನೆಗೆ ಹೋದದ್ದು," ಎಂದಳು ತಿಮ್ಮಿ. "ಮಣೆ ಮೇಲೇ ಹೆಸರು ಕೆತ್ತಿ ಕೊಡ್ಲಿ."

ಶಶಾಂಕ ಅಲ್ಲೇ ಬರೆದು ಓದಿದ, ಈ ಸಲ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ: "ಮಣೆ ಮರದ್ದಿರಬಹುದು. ಕಾಲಿಡಲು ಜಾಗ ಇರಲೇಬೇಕು. ಅಲಗು ಅಲ್ಲಾಡಬಾರದು. ಮಾಡಿದವರ ಹೆಸರು, ಊರು, ಫೋನ್ ನಂಬರು ಮಣೆಯ ಮೇಲೆ ಕೆತ್ತಿರಬೇಕು. ಪರಮೇಶ್ವರಪ್ಪನವರೇ, ನಿಮಗೆ ಒಪ್ಪಿಗೆನಾ? ನೀವು ಇದನ್ನ ಒಪ್ಪದಿದ್ರೆ ಕಲಂ ಮತ್ತೆ ಹಳೇ ಉಕ್ಕಿನ ಪೀಠಕ್ಕೇ ಹೋಗುತ್ತೆ."

ಗುಮಾಸ್ತ ಪೆನ್ನು ಎತ್ತಿ ಪರಮೇಶ್ವರಪ್ಪನ ತಲೆಯನ್ನೇ ನೋಡುತ್ತ ಕೂತ. ಉತ್ತರ ಕನ್ನಡದಲ್ಲಿ ಆ ಹೊತ್ತಿಗೆ ಅಷ್ಟು ಬಿಗಿಯಾದ ಕುತ್ತಿಗೆ ಇನ್ನೊಂದಿರಲಿಲ್ಲ. ಒಪ್ಪಿದರೆ ಅಂಗಡಿ ಉಳಿಯುತ್ತದೆ. ಒಪ್ಪಿದರೆ ಪ್ರತಿ ಮನೆಯ ಅಡುಗೆಮನೆಯಲ್ಲೂ ತನ್ನ ಹೆಸರು, ಊರು, ನಂಬರು, ಪಕ್ಕದಲ್ಲೇ ಬೆರಳು. ಹಿಂದಿನ ಕುರ್ಚಿಯಲ್ಲಿ ಚೌಡ ಉಳಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುವ ಸದ್ದು ಕೇಳಿತು.

"ಒಪ್ಪಿಗಿ ಐತ್ರಿ," ಎಂದ ಪರಮೇಶ್ವರಪ್ಪ. "ಎಚ್ಚರ ಇದ್ದು ಹೇಳೀನಿ. ಹಂಗ ಬರಕೋರಿ."

ಮಾರನೆಯ ದಿನ ಚಪ್ಪರದಲ್ಲಿ ಹೊಸ ಮಣೆಯೊಂದು ತಯಾರಾಯಿತು. ಪರಮೇಶ್ವರಪ್ಪ ಉದಾರಿಯಾದ. "ಚೌಡಾ, ಮಣಿ ಮಾಡಿದಾಂವ ನೀನು, ಅಲಗು ಕೂಡಿಸಿದಾಂವ ನೀನು. ನನ್ನ ಹೆಸರಿನ ಬಾಜೂಕ ನಿನ್ನ ಹೆಸರೂ ಕೆತ್ತು."

"ಬ್ಯಾಡ್ರಾ," ಎಂದ ಚೌಡ, ಉಳಿಯಿಂದ ತಲೆ ಎತ್ತದೆ. "ಮಣೆ ನಂದು, ಹೊಣೆ ನಿಮ್ದು."

ಹೆಸರು, ಊರು, ಹತ್ತು ಅಂಕಿಯ ನಂಬರು, ಎಲ್ಲ ಮೂಡಿದವು. ಅದನ್ನು ಕೊಳ್ಳಲು ವೆಂಕಟ್ರಮಣನೇ ಕಟ್ಟೆಯಿಂದ ಇಳಿದು ಬಂದಿದ್ದ. ಪರಮೇಶ್ವರಪ್ಪ ಮೆಟ್ಟುಗತ್ತಿಯನ್ನು ಕೈಗೆತ್ತಿಕೊಂಡು, ಮೂವತ್ತು ವರ್ಷದಲ್ಲಿ ಎಂದೂ ಮಾಡದ ಕೆಲಸ ಮಾಡಿದ. ಅಲಗಿನ ಬೆನ್ನು ಹಿಡಿದು ಆಚೆ ಈಚೆ ಅಲ್ಲಾಡಿಸಿದ. ನೆಲಕ್ಕಿಟ್ಟು, ಮೆಟ್ಟಿ, ಮತ್ತೆ ಅಲ್ಲಾಡಿಸಿದ. ಕಿವಿಗೆ ಹಿಡಿದು ಅಲ್ಲಾಡಿಸಿದ. ಕಿಟ್ ಎಂದಿತು.

"ಬಿಚ್ಚಿ ಮತ್ತ ಕೂಡ್ಸು," ಎಂದು ಚೌಡನ ಮುಂದಿಟ್ಟ.

"ಎಂತ ಮಾರಾಯಾ, ಕೂದಲೆಳೆಯಷ್ಟು ಅಲ್ಲಾಡ್ತು, ಅಷ್ಟೇ ಅಲ್ದ?" ಎಂದ ವೆಂಕಟ್ರಮಣ. "ಮನೇಲಿ ಹೆಂಡತಿ ಬಾಳೆಕಾಯಿ ಹಿಡ್ಕಂಡು ಕಾಯ್ತಾ ಇದ್ದು. ಕೊಡು, ನಾ ನೋಡ್ಕತ್ತೆ."

"ಕೊಡೂದಿಲ್ರಿ."

"ಎಂತಕ್ಕೆ?"

"ಅದರ ಮ್ಯಾಲ ನನ್ನ ಹೆಸರೈತಿ," ಎಂದ ಪರಮೇಶ್ವರಪ್ಪ. ಈ ಸಲ ಮಾತಿನ ಹಿಂದಿನಿಂದ ಯಾವ ಸೂಚನೆಯನ್ನೂ ಹಾಕಲಿಲ್ಲ.